ಎಷ್ಟು ಫೀಟ್ ಅನ್ನುವ ಮೊದಲು ಅಂಗಳ ನೋಡಿ: ಸಿಸರ್ ಲಿಫ್ಟೋ, ಬೂಮ್ ಲಿಫ್ಟೋ, ಸ್ಕ್ಯಾಫೋಲ್ಡಿಂಗೋ?

ಎತ್ತರದ ಕೆಲಸಕ್ಕೆ ಜನರನ್ನು ಮೇಲೇರಿಸುವ ಲಿಫ್ಟ್ ಬಾಡಿಗೆಗೆ ಕೊಡುವವರಿಗೆ ಫೋನ್ ಮಾಡಿದರೆ ಮೊದಲು ಬರುವ ಪ್ರಶ್ನೆ ಒಂದೇ: “ಎಷ್ಟು ಫೀಟಿಂದು ಬೇಕು?” ನಾವೂ ಕಟ್ಟಡ ನೋಡಿ ಅಂದಾಜಿಗೆ ನಲವತ್ತೋ ಅರವತ್ತೋ ಹೇಳಿಬಿಡುತ್ತೇವೆ. ಮರುದಿನ ಏಳು ಟನ್ನಿನ ಯಂತ್ರ ಹೊತ್ತ ಲಾರಿ ಬಂದು ನಿಂತಾಗಲೇ ಗೊತ್ತಾಗುವುದು, ಗೇಟು ದಾಟಿದ ಕೂಡಲೇ ಇರುವುದು ಹಳೇ ಬಾವಿಗೆ ಮುಚ್ಚಿದ ಚಪ್ಪಡಿ ಅಂತ.

ನಾನು ಈ ಕೆಲಸಕ್ಕೆ ಇಳಿದು ಹದಿನೇಳು ವರ್ಷವಾಯಿತು. ಮಂಗಳೂರಿನ ಬೈಕಂಪಾಡಿಯ ಶೆಡ್ಡುಗಳಿಗೆ ಶೀಟ್, ಮಣಿಪಾಲದ ಕಡೆ ಕಟ್ಟಡಗಳಿಗೆ ಪೇಂಟ್, ಹಬ್ಬದ ಸಮಯ ಬಂದರೆ ಲೈಟಿಂಗ್, ಬೋರ್ಡ್. ಬಿದಿರಿನ ಏಣಿಯಿಂದ ಶುರುವಾದದ್ದು ಈಗ ಬೂಮ್ ಲಿಫ್ಟಿನವರೆಗೆ ಬಂದಿದೆ. ನನ್ನ ಅನುಭವದಲ್ಲಿ ಯಾವ ಯಂತ್ರ ಅಂತ ತೀರ್ಮಾನ ಆಗಬೇಕಾದದ್ದು ಚಕ್ರದ ಅಡಿಯ ನೆಲ ನೋಡಿ. ಎತ್ತರ, ಬಾಡಿಗೆ ಎಲ್ಲ ಆಮೇಲಿನ ಮಾತು.

ನಮ್ಮ ನೆಲದ ಗುಟ್ಟು

ನೋಡುವುದಕ್ಕೆ ನಮ್ಮ ನೆಲ ಗಟ್ಟಿ. ಬೇಸಿಗೆಯಲ್ಲಿ ಮುರಕಲ್ಲಿನ ಪಾದೆ, ಅಂದರೆ ಬಂಡೆ, ಪಿಕಾಸಿಗೂ ಬಗ್ಗುವುದಿಲ್ಲ. ಆದರೆ ಮಂಗಳೂರಿನಲ್ಲಿ ಸಪಾಟು ಜಾಗ ಅಂತ ಇರುವುದರಲ್ಲಿ ಹೆಚ್ಚಿನದು ಗುಡ್ಡೆ ಕಡಿದು, ಅದೇ ಮಣ್ಣನ್ನು ತಗ್ಗಿಗೆ ತುಂಬಿಸಿ ಮಾಡಿದ್ದು. ಅರ್ಧ ಅಂಗಳ ಪಾದೆ, ಇನ್ನರ್ಧ ತುಂಬಿಸಿದ ಮಣ್ಣು, ಮೇಲೆ ಚಂದಕ್ಕೆ ಇಂಟರ್‌ಲಾಕ್. ಗೆರೆ ಎಲ್ಲಿದೆ ಅಂತ ಮೇಲಿನಿಂದ ಕಾಣುವುದಿಲ್ಲ. ಜೊತೆಗೆ ಮುಚ್ಚಿದ ಬಾವಿ, ಬಚ್ಚಲ ನೀರು ಇಂಗಿಸುವ ಸೋಕ್‌ಪಿಟ್, ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿ. ರಸ್ತೆ ಬದಿಯ ಫುಟ್‌ಪಾತ್ ಅಂದರೆ ಎಷ್ಟೋ ಕಡೆ ತೋಡಿನ ಮೇಲಿಟ್ಟ ಚಪ್ಪಡಿ ಮಾತ್ರ.

ಹಾಗಾಗಿ ಸೈಟಿಗೆ ಹೋದರೆ ನಾನು ಮೊದಲು ಮೇಲೆ ನೋಡುವುದಿಲ್ಲ. ಒಂದು ಹಾರೆ ಹಿಡಿದುಕೊಂಡು ಯಂತ್ರ ಹೋಗುವ ದಾರಿಯುದ್ದಕ್ಕೂ ಕುಟ್ಟುತ್ತಾ ಹೋಗುತ್ತೇನೆ. ಟೊಳ್ಳು ಸದ್ದು ಬಂದಲ್ಲಿ ಸುಣ್ಣದ ಗುರುತು. ಮನೆಯಲ್ಲಿ ಹಿರಿಯರಿದ್ದರೆ ಕೇಳುತ್ತೇನೆ, “ಮೊದಲು ಬಾತ್‌ರೂಮಿನ ನೀರು ಎಲ್ಲಿಗೆ ಬಿಡುತ್ತಿದ್ದಿರಿ?” ಇಂಜಿನಿಯರ್ ಪ್ಲಾನಿನಲ್ಲಿ ಇಲ್ಲದ ಹೊಂಡ ಅಜ್ಜಿಯ ನೆನಪಿನಲ್ಲಿ ಇರುತ್ತದೆ.

ಸಿಸರ್ ಲಿಫ್ಟ್

ಕತ್ತರಿಯ ಹಾಗೆ ಬಿಚ್ಚಿಕೊಳ್ಳುತ್ತಾ ನೇರ ಮೇಲೆ ಹೋಗುವ ಯಂತ್ರ. ಅಡ್ಡಕ್ಕೆ ಕೈ ಚಾಚುವುದಿಲ್ಲ. ಫ್ಯಾಕ್ಟರಿ ಶೆಡ್ಡು, ಗೋಡೌನು, ಸಭಾಭವನ, ಮಾಲ್, ಎಲ್ಲಿ ಕಾಂಕ್ರೀಟ್ ನೆಲ ಸಪಾಟಾಗಿದೆಯೋ ಅಲ್ಲಿ ಇದಕ್ಕಿಂತ ನೆಮ್ಮದಿಯ ಯಂತ್ರ ಇಲ್ಲ. ಇಬ್ಬರು ಸಾಮಾನು ಸಮೇತ ನಿಂತು, ಸುತ್ತ ಕಟಕಟೆ ಇಟ್ಟುಕೊಂಡು, ನೆಲದ ಮೇಲೆ ನಿಂತ ಹಾಗೆಯೇ ಕೆಲಸ ಮಾಡಬಹುದು.

ಫೀಟಿನ ಲೆಕ್ಕದಲ್ಲಿ ಒಂದು ಗೊಂದಲ ಇದೆ. 19 ಫೀಟಿನದು ಅಂದರೆ ಕಾಲಿಡುವ ಹಲಗೆ 19 ಫೀಟಿಗೆ ಹೋಗುತ್ತದೆ ಅಂತ. ಕೈ ಮುಟ್ಟುವುದು ಅದಕ್ಕಿಂತ ಸುಮಾರು 6 ಫೀಟ್ ಮೇಲೆ. ಕೆಲವರು ಮೊದಲಿನದನ್ನು ಹೇಳುತ್ತಾರೆ, ಕೆಲವರು ಎರಡನೆಯದನ್ನು. ಯಾವುದು ಅಂತ ಕೇಳಿಕೊಳ್ಳಿ. ಇಲ್ಲದಿದ್ದರೆ ಮೇಲೆ ಹೋದ ಮೇಲೆ ಅರ್ಧ ಅಡಿ ಸಾಲದೆ ಯಾರೋ ಒಬ್ಬ ಕಟಕಟೆಯ ನಡುವಿನ ಕಂಬಿಯ ಮೇಲೆ ಕಾಲಿಡುತ್ತಾನೆ. ನಾನು ಕೆಲಸ ನಿಲ್ಲಿಸಿ ಮನೆಗೆ ಕಳುಹಿಸಿದ್ದರೆ ಅದು ಇದೊಂದೇ ತಪ್ಪಿಗೆ. ಪೇಂಟಿನ ಬಕೆಟ್ ಕವುಚಿ ಹಾಕಿ ಅದರ ಮೇಲೆ ನಿಂತದ್ದೂ ಇದೇ ಲೆಕ್ಕಕ್ಕೆ ಬರುತ್ತದೆ.

ಈ 19 ಫೀಟಿನ ಸಣ್ಣ ಯಂತ್ರದ ಅಗಲ ಎರಡೂವರೆ ಅಡಿ, ಅಂದರೆ 76 ಸೆಂಟಿಮೀಟರ್. ತೂಕ ಸುಮಾರು ಒಂದೂವರೆ ಟನ್. ಬಾಗಿಲಲ್ಲಿ ನುಗ್ಗುತ್ತದೆ ಅಂತ ಎಲ್ಲರಿಗೂ ಪ್ರೀತಿ. ಆದರೆ ಇದರ ಓರೆ ಅಲಾರಂ ಸಾಮಾನ್ಯವಾಗಿ ಅಡ್ಡಕ್ಕೆ ಒಂದೂವರೆ ಡಿಗ್ರಿಗೇ ಕೂಗುತ್ತದೆ. ಒಂದೂವರೆ ಡಿಗ್ರಿ ಅಂದರೆ ಎಷ್ಟು? ಆ ಅಗಲದಲ್ಲಿ ಒಂದು ಚಕ್ರ ಇನ್ನೊಂದಕ್ಕಿಂತ ಎರಡು ಸೆಂಟಿಮೀಟರ್ ಕೆಳಗಿದ್ದರೆ ಸಾಕು. ಮಳೆನೀರು ಹರಿಯಲಿ ಅಂತ ನಮ್ಮ ಮೇಸ್ತ್ರಿಗಳು ಅಂಗಳಕ್ಕೆ ಕೊಡುವ ಇಳಿಜಾರೇ ನಲವತ್ತಕ್ಕೆ ಒಂದು ಇದ್ದರೆ, ಯಂತ್ರದ ಮಿತಿ ಅಲ್ಲೇ ಮುಗಿಯಿತು. ಆದ್ದರಿಂದ ಕರಾವಳಿಯ ಅಂಗಳ, ಪೋರ್ಟಿಕೊ, ಪಾರ್ಕಿಂಗ್ ರ‍್ಯಾಂಪ್, ಇವು ಯಾವುವೂ ಸಣ್ಣ ಸಿಸರ್ ಲಿಫ್ಟಿನ ಜಾಗ ಅಲ್ಲ. ಚಕ್ರದಡಿಗೆ ಹಲಗೆ ತುಂಡು ಕೊಟ್ಟು ಮಟ್ಟ ಮಾಡುವ ಬುದ್ಧಿವಂತಿಕೆ ಬೇಡ.

ಇನ್ನೊಂದು, ಹತ್ತಿರದಿಂದ ನೋಡಬೇಕಾದದ್ದು. ಈ ಯಂತ್ರ ಮೇಲೇಳುವಾಗ ಹೊಟ್ಟೆಯ ಅಡಿಯಿಂದ ಎರಡು ಪಟ್ಟಿಗಳು ಇಳಿದು ನೆಲದಿಂದ ಎರಡು ಬೆರಳಿನಷ್ಟು ಮೇಲೆ ನಿಲ್ಲುತ್ತವೆ. ಚಕ್ರ ಗುಂಡಿಗೆ ಇಳಿದರೆ ಯಂತ್ರ ಮಗುಚದೆ ಈ ಪಟ್ಟಿಯ ಮೇಲೆ ಕೂರಲಿ ಅಂತ. ಅಡಿಯಲ್ಲಿ ಒಂದು ಜಲ್ಲಿಕಲ್ಲು ಸಿಕ್ಕಿದರೂ ಪಟ್ಟಿ ಪೂರ್ತಿ ಇಳಿಯುವುದಿಲ್ಲ, ಇಳಿಯದಿದ್ದರೆ ಯಂತ್ರ ಪೂರ್ತಿ ಏರುವುದಿಲ್ಲ. ಅದಕ್ಕೆ ಕೆಲವರು ಅಲ್ಲಿನ ಸ್ವಿಚ್ಚಿಗೆ ಇನ್ಸುಲೇಶನ್ ಟೇಪ್ ಸುತ್ತಿ ಯಂತ್ರಕ್ಕೇ ಸುಳ್ಳು ಹೇಳುತ್ತಾರೆ. ಬಾಡಿಗೆ ಯಂತ್ರ ಬಂದ ಕೂಡಲೇ ಬಗ್ಗಿ ನೋಡಿ. ಟೇಪ್ ಕಂಡರೆ ಅದೇ ಲಾರಿಯಲ್ಲಿ ವಾಪಸ್ ಕಳುಹಿಸಿ.

ಭಾರದ ಮಿತಿ ಈ ಗಾತ್ರದ ಯಂತ್ರಗಳಲ್ಲಿ ಹೆಚ್ಚಾಗಿ 227 ಕೆ.ಜಿ. ಕೇಳಲಿಕ್ಕೆ ದೊಡ್ಡದು. ಎಪ್ಪತ್ತೈದು ಕಿಲೋದ ಇಬ್ಬರು, 20 ಲೀಟರಿನ ಎರಡು ಬಕೆಟ್ ಎಮಲ್ಷನ್ ಇಟ್ಟರೆ ಇನ್ನೂರು ದಾಟಿತು. ಮೇಲೆ ಸ್ಪ್ರೇ ಮಿಷಿನ್ ಇಡಲಿಕ್ಕೆ ಲೆಕ್ಕ ಉಳಿಯುವುದಿಲ್ಲ. ಹೊರಗಡೆ ಬಳಸುವುದಾದರೆ ಯಂತ್ರದ ಮೇಲಿನ ಪ್ಲೇಟನ್ನು ಇನ್ನೂ ಗಮನವಿಟ್ಟು ಓದಬೇಕು: ಒಳಗೆ ಇಬ್ಬರು, ಹೊರಗೆ ಒಬ್ಬರೇ ಅಂತ ಚಿತ್ರ ಹಾಕಿರುವ ಯಂತ್ರಗಳಿವೆ, ಹೊರಗೆ ಬಳಸಲೇಬಾರದು ಅನ್ನುವವೂ ಇವೆ.

ಬೂಮ್ ಲಿಫ್ಟ್

ಮುಂದೆ ಬಾವಿ, ತೋಟ, ನಿಲ್ಲಿಸಿದ ಕಾರು, ಚಾಚಿದ ಹಂಚಿನ ಮಾಡು, ಇಂಥದ್ದನ್ನು ದಾಟಿ ಹೋಗಬೇಕಾದರೆ ಸಿಸರ್ ಕೈಚೆಲ್ಲುತ್ತದೆ. ಆಗ ಬೂಮ್, ಅಂದರೆ ಉದ್ದ ಕೈಯ ತುದಿಯಲ್ಲಿ ಜನ ನಿಲ್ಲುವ ಬಾಸ್ಕೆಟ್ ಇರುವ ಯಂತ್ರ. ಇದರಲ್ಲಿ ಎರಡು ಜಾತಿ. ಮೊಣಕೈ ಇರುವ ಆರ್ಟಿಕ್ಯುಲೇಟೆಡ್ ಬೂಮ್ ಮೇಲೆ ಹೋಗಿ ಮಾಡನ್ನು ದಾಟಿ ಆಚೆ ಬಗ್ಗುತ್ತದೆ. ನೇರ ಕೋಲಿನ ಟೆಲಿಸ್ಕೋಪಿಕ್ ಬೂಮ್ ಬಗ್ಗುವುದಿಲ್ಲ, ಆದರೆ ದೂರಕ್ಕೆ ಚಾಚುತ್ತದೆ. 45 ಫೀಟಿನ ಆರ್ಟಿಕ್ಯುಲೇಟೆಡ್ ಅಡ್ಡಕ್ಕೆ ಸುಮಾರು ಏಳು ಮೀಟರ್ ಚಾಚಿದರೆ, 60 ಫೀಟಿನ ನೇರ ಬೂಮ್ ಹದಿನೈದು ಮೀಟರಿನ ಹತ್ತಿರ ಹೋಗುತ್ತದೆ. ನಗರದ ಒಳಗೆ, ಮರ ತಂತಿ ಮಾಡುಗಳ ನಡುವೆ, ನನ್ನ ಆಯ್ಕೆ ಮೊಣಕೈಯದ್ದು. ಪಣಂಬೂರು, ಸುರತ್ಕಲ್ ಕಡೆಯ ಬಯಲಿನಂತಹ ಯಾರ್ಡುಗಳಲ್ಲಿ ನೇರದ್ದು.

ಹಳೇ ಸಿಮೆಂಟ್ ಶೀಟಿನ ಮಾಡಿನ ಕೆಲಸಕ್ಕಂತೂ ಬೂಮ್ ಬಿಟ್ಟರೆ ನನಗೆ ಬೇರೆ ಧೈರ್ಯ ಇಲ್ಲ. ಶೀಟಿನ ಮೇಲೆ ಕಾಲಿಡದೆಯೇ ಬಾಸ್ಕೆಟಿನಲ್ಲಿ ನಿಂತು ಬೋಲ್ಟ್ ಬಿಚ್ಚಬಹುದು. ಬಾಸ್ಕೆಟಿನಿಂದ ಮಾಡಿನ ಮೇಲೆ ಇಳಿಯುವ ಆಸೆ ಮಾತ್ರ ಬೇಡ. ಹಂಚು, ಶೀಟು ಯಾವಾಗ ಒಡೆಯುತ್ತದೆ ಅಂತ ಹೇಳಿ ಒಡೆಯುವುದಿಲ್ಲ.

ತೊಂದರೆ ತೂಕದಲ್ಲಿ. 45 ಫೀಟಿನದು ಏಳು ಟನ್ನಿನ ಹತ್ತಿರ, 60 ಫೀಟಿನದು ಹತ್ತು ಟನ್. ಕೈ ಚಾಚಿ ತಿರುಗಿಸಿದಾಗ ಆ ಭಾರ ನಾಲ್ಕು ಚಕ್ರಕ್ಕೆ ಸಮ ಹಂಚಿಕೊಳ್ಳುವುದಿಲ್ಲ, ಅರ್ಧಕ್ಕಿಂತ ಹೆಚ್ಚು ಒಂದೇ ಚಕ್ರದ ಮೇಲೆ ಬರಬಹುದು. ಉಡುಪಿಯ ಒಂದು ಹೋಟೆಲಿನ ಮುಂಭಾಗಕ್ಕೆ ಬೋರ್ಡ್ ಕಟ್ಟುವಾಗ ಇದನ್ನು ಕಲಿತೆ. ಇಂಟರ್‌ಲಾಕ್ ಹಾಕಿದ ಅಂಗಳ, ಯಂತ್ರ ಒಳಗೆ ಬಂದಾಗ ಏನೂ ಆಗಲಿಲ್ಲ. ಮೇಲೆ ಹುಡುಗ “ನನ ಒಂತೆ ಮಿತ್ತ್” (ಇನ್ನೂ ಸ್ವಲ್ಪ ಮೇಲೆ) ಅಂತ ತುಳುವಿನಲ್ಲಿ ಕೂಗಿದ, ಆಪರೇಟರ್ ಬೂಮ್ ತಿರುಗಿಸಿ ಚಾಚಿದ. ಹಿಂದಿನ ಎಡಚಕ್ರದ ಸುತ್ತ ನಾಲ್ಕು ಇಂಟರ್‌ಲಾಕ್ ಕಲ್ಲು ಬಟ್ಟಲಿನ ಹಾಗೆ ಕುಳಿತವು, ಅಲಾರಂ ಹೊಡೆಯಿತು. ಅಡಿಯಲ್ಲಿ ಹಳೇ ಸೋಕ್‌ಪಿಟ್. ಚಕ್ರ ಇಳಿದದ್ದು ಒಂದು ಗೇಣು ಕೂಡ ಇಲ್ಲ, ಆದರೆ ಮೇಲೆ ಬಾಸ್ಕೆಟ್ ಅಡ್ಡಕ್ಕೆ ಓಲಾಡಿದ್ದು ಒಂದು ಮಾರು. ಇಬ್ಬರೂ ಹಾರ್ನೆಸ್, ಅಂದರೆ ಮೈಗೆ ಕಟ್ಟುವ ಸುರಕ್ಷಾ ಪಟ್ಟಿ, ಸಿಕ್ಕಿಸಿದ್ದರು, ಹಾಗಾಗಿ ಒಳಗೇ ಉಳಿದರು.

ನಿಜವಾದ ಮುಖಭಂಗ ಆಮೇಲೆ. ಕೆಳಗಿನ ಕಂಟ್ರೋಲಿನಿಂದ ಇಳಿಸೋಣ ಅಂದರೆ ಕೀ ಇಲ್ಲ. ಕೀ ಇದ್ದದ್ದು ಮೇಲೆ, ಆಪರೇಟರನ ಪ್ಯಾಂಟಿನ ಕಿಸೆಯಲ್ಲಿ. ಅವನ ಕೈ ನಡುಗುತ್ತಿತ್ತು, ಕಿಸೆಗೆ ಹಾರ್ನೆಸ್ಸಿನ ಪಟ್ಟಿ ಅಡ್ಡ. ಕೊನೆಗೆ ತೆಗೆದು ಎಸೆದ, ಅದು ಹೋಗಿ ಬಿದ್ದದ್ದು ದಾಸವಾಳದ ಗಿಡದ ಬುಡಕ್ಕೆ. ಮೂರು ಜನ ಮಂಡಿಯೂರಿ ಹುಡುಕಿದೆವು. ಅಂದಿನಿಂದ ಕೀ ಕೆಳಗಿನವನ ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿ ಇರುತ್ತದೆ.

ಹಾರ್ನೆಸ್ ವಿಷಯದಲ್ಲಿ ಎರಡು ಯಂತ್ರಕ್ಕೂ ವ್ಯತ್ಯಾಸ ಇದೆ. ಸಿಸರಿನಲ್ಲಿ ಮುಖ್ಯ ರಕ್ಷಣೆ ಕಟಕಟೆ. ಹಾರ್ನೆಸ್ ಬೇಕೋ ಅನ್ನುವುದನ್ನು ಯಂತ್ರದ ಪುಸ್ತಕ ಮತ್ತು ಸೈಟಿನ ನಿಯಮ ಹೇಳುತ್ತದೆ. ಬೂಮಿನಲ್ಲಿ ಮಾತೇ ಇಲ್ಲ, ಹಾಕಲೇಬೇಕು. ಚಕ್ರ ಸಣ್ಣ ಗುಂಡಿಗೆ ಇಳಿದರೂ ಬಾಸ್ಕೆಟ್ ಕವಣೆಯ ಹಾಗೆ ಎಸೆಯುತ್ತದೆ. ಭಾರತೀಯ ಮಾನಕ ಐಎಸ್ 3521 ಗುರುತಿರುವ ಪೂರ್ತಿ ಮೈಯ ಹಾರ್ನೆಸ್, ಗಿಡ್ಡ ಹಗ್ಗ, ಕೊಕ್ಕೆ ಬಾಸ್ಕೆಟಿನ ಒಳಗಿನ ಬಳೆಗೆ. ಎದುರಿನ ಕಟ್ಟಡದ ಕಂಬಿಗೆ ಸಿಕ್ಕಿಸಿಕೊಂಡವರನ್ನೂ ನೋಡಿದ್ದೇನೆ. ಬಾಸ್ಕೆಟ್ ಸರಿದರೆ ಕಟ್ಟಡ ಜೊತೆಗೆ ಬರುವುದಿಲ್ಲ ಮಾರಾಯ್ರೆ.

ಬೂಮಿಗೆ ಬಾಲವೂ ಇದೆ. ಮುಂದೆ ಬಾಸ್ಕೆಟ್ ತಿರುಗುವಾಗ ಹಿಂದಿನ ಭಾರದ ಗಡ್ಡೆ ಚಕ್ರದಿಂದ ಹೊರಗೆ ಬೀಸಿಕೊಳ್ಳುತ್ತದೆ. ಉಡುಪಿಯಲ್ಲಿ ಪರ್ಯಾಯ ಉತ್ಸವದ ಮೊದಲು ರಥಬೀದಿಯಂತಹ ಕಡೆ, ಸಂಜೆಯ ಜನಜಂಗುಳಿಯ ನಡುವೆ ಲೈಟಿಂಗ್ ಮಾಡುವವರು ಇದನ್ನು ಮರೆಯುತ್ತಾರೆ. ಎಲ್ಲರ ಕಣ್ಣು ಮೇಲೆ, ಬಾಲದ ಹತ್ತಿರ ಮಗು. ಬಾಲ ಹೊರಬರದ ಮಾದರಿ ಸಿಗುತ್ತದೆ, ಕೇಳಿ ತರಿಸಿ. ಹೇಗೂ ಸುತ್ತ ಹಗ್ಗ ಕಟ್ಟಲೇಬೇಕು, ರಾತ್ರಿ ಜನ ಕಡಿಮೆಯಾದ ಮೇಲೆ ಕೆಲಸ ಮಾಡಿದರೆ ಇನ್ನೂ ಒಳ್ಳೆಯದು.

ಶೆಡ್ಡಿನ ಒಳಗೆ ಬೂಮ್ ಓಡಿಸುವಾಗ ಹೆದರಬೇಕಾದದ್ದು ಬೀಳುವುದಕ್ಕಲ್ಲ, ಸಿಕ್ಕಿಹಾಕಿಕೊಳ್ಳುವುದಕ್ಕೆ. ಹಿಂದಕ್ಕೆ ತಲೆಯೆತ್ತಿ ನೋಡದೆ ಮೇಲೇರಿಸಿದರೆ ಮೇಲಿನ ಪರ್ಲಿನ್ನಿಗೂ (ಶೀಟು ಹೊರುವ ಅಡ್ಡಪಟ್ಟಿ) ಕಟಕಟೆಗೂ ನಡುವೆ ಎದೆ ಸಿಕ್ಕುತ್ತದೆ. ಮನುಷ್ಯ ಕಂಟ್ರೋಲಿನ ಮೇಲೇ ಬಗ್ಗಿ ಬೀಳುವುದರಿಂದ ಯಂತ್ರ ಮತ್ತೂ ಒತ್ತುತ್ತದೆ. ಹೀಗಾದಾಗ ಯಂತ್ರ ತಾನೇ ನಿಲ್ಲುವ ಹೆಚ್ಚುವರಿ ರಕ್ಷಣೆ ಇರುವ ಮಾದರಿಗಳಿವೆ. ಒಳಗಿನ ಕೆಲಸಕ್ಕೆ ನಾನು ಅದನ್ನೇ ಕೇಳುವುದು. ಮುಚ್ಚಿದ ಜಾಗಕ್ಕೆ ಡೀಸೆಲ್ ಬೇಡ, ಬ್ಯಾಟರಿಯದ್ದು ಸಾಕು.

ಟ್ರೈಲರ್, ಲಾರಿ ಮೇಲಿನವು

ಬೀದಿದೀಪ, ಕಂಬ, ಒಂದೇ ದಿನದಲ್ಲಿ ಹತ್ತು ಕಡೆ ಹೋಗುವ ಕೆಲಸಕ್ಕೆ ಲಾರಿ ಮೇಲೆ ಕೂರಿಸಿದ ಬಾಸ್ಕೆಟ್ ಸರಿ. ಕಾಲು ಚಾಚಿ ಊರಿದ ಮೇಲೆಯೇ ಏರಬೇಕು, ಕಾಲಿನಡಿಗೆ ಅಗಲದ ಗಟ್ಟಿ ಮರದ ಹಲಗೆ ಕೊಡಬೇಕು. ನಮ್ಮಲ್ಲಿ ಹತ್ತಿರ ಬಿದ್ದಿರುವ ಮುರಕಲ್ಲನ್ನೇ ಕೊಡುವ ಚಾಳಿ ಇದೆ. ಗೋಡೆಯಲ್ಲಿ ನೂರು ವರ್ಷ ನಿಲ್ಲುವ ಕಲ್ಲು ಒಂದೇ ಬಿಂದುವಿನ ಒತ್ತಕ್ಕೆ ರೊಟ್ಟಿಯ ಹಾಗೆ ಪುಡಿಯಾಗುತ್ತದೆ.

ಸ್ಕ್ಯಾಫೋಲ್ಡಿಂಗ್, ಏಣಿ

ಯಂತ್ರ ಬಂದ ಮೇಲೆ ಸ್ಕ್ಯಾಫೋಲ್ಡಿಂಗ್ ಹಳೇ ಕಾಲದ್ದು ಅನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಒಂದೇ ಗೋಡೆಗೆ ಹತ್ತು ದಿನದ ಕೆಲಸ, ನಾಲ್ಕೈದು ಜನ ಒಟ್ಟಿಗೆ ನಿಲ್ಲಬೇಕು, ನೆಲ ನಂಬುವ ಹಾಗಿಲ್ಲ ಅಂದರೆ ಸ್ಟೀಲ್ ಪೈಪಿನ ಸ್ಕ್ಯಾಫೋಲ್ಡಿಂಗೇ ಸರಿ. ಭಾರ ಹಲವು ಕಾಲಿಗೆ ಹಂಚಿಹೋಗುತ್ತದೆ, ಒಂದೊಂದು ಕಾಲಿಗೂ ಬೇಸ್ ಪ್ಲೇಟ್, ಹಲಗೆ ಕೊಟ್ಟು ಮಟ್ಟ ಹೊಂದಿಸಬಹುದು, ಗೋಡೆಗೆ ಕಟ್ಟಬಹುದು. ಚಕ್ರದ ಅಲ್ಯೂಮಿನಿಯಂ ಟವರ್ ಒಳಾಂಗಣಕ್ಕೆ ಚಂದ. ಸಂತ ಅಲೋಶಿಯಸ್ ಚಾಪೆಲ್ಲಿನ ಹಾಗೆ ಗೋಡೆ, ಸೀಲಿಂಗಿಗೆಲ್ಲ ಚಿತ್ರ ಇರುವ ಹಳೇ ಕಟ್ಟಡ ಅಂದುಕೊಳ್ಳಿ. ಆಂಟೋನಿಯೊ ಮೊಶೆನಿ ಅಲ್ಲಿ ಚಿತ್ರ ಬರೆದು ನೂರಿಪ್ಪತ್ತು ವರ್ಷ ದಾಟಿತು. ಅಂಥ ಕಡೆ ಒಂದೂವರೆ ಟನ್ನನ್ನು ನಾಲ್ಕು ಪುಟ್ಟ ಚಕ್ರದ ಮೇಲೆ ಉರುಳಿಸಲು ನನಗಂತೂ ಮನಸ್ಸು ಬಾರದು. ಟವರ್ ತಳ್ಳುವಾಗ ಮೇಲೆ ಯಾರೂ ಇರಬಾರದು, ನಿಲ್ಲಿಸಿದ ಮೇಲೆ ನಾಲ್ಕೂ ಚಕ್ರಕ್ಕೆ ಲಾಕ್ ಬೀಳಬೇಕು.

ಏಣಿ ಐದು ನಿಮಿಷದ ಕೆಲಸಕ್ಕೆ. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಬುಡ ದೂರ, ಮೇಲೆ ಹತ್ತಿ ಇಳಿಯುವ ಜಾಗದಿಂದ ಮೂರು ಅಡಿ ಹೆಚ್ಚು. ಎರಡು ಕೈಯಲ್ಲಿ ಡ್ರಿಲ್ ಹಿಡಿಯುವ ಕೆಲಸ ಆದರೆ ಅದು ಏಣಿಯ ಕೆಲಸವೇ ಅಲ್ಲ.

ಮಣಿಪಾಲದ ಇಪ್ಪತ್ತು ಮಹಡಿಯ ಕಟ್ಟಡದ ಹೊರಗೋಡೆಗೆ ಈ ಯಾವುವೂ ಸಾಲದು. ಮೇಲಿನಿಂದ ಇಳಿಬಿಡುವ ತೊಟ್ಟಿಲು ಬೇಕು, ಪ್ರತಿಯೊಬ್ಬನಿಗೂ ತೊಟ್ಟಿಲಿಗೆ ಸಂಬಂಧವಿಲ್ಲದ ಬೇರೆಯೇ ಹಗ್ಗ ಬೇಕು. ಅದು ಇನ್ನೊಂದೇ ಕಥೆ.

ಜೆಸಿಬಿಯ ಬಕೆಟ್, ಫೋರ್ಕ್‌ಲಿಫ್ಟಿನ ಮೇಲಿಟ್ಟ ಪ್ಯಾಲೆಟ್, ಇವನ್ನು ನಾನು ಹೋಲಿಕೆಗೇ ಸೇರಿಸುವುದಿಲ್ಲ. “ಅರ್ಧ ಗಂಟೆ ಸಾಕು, ಜೆಸಿಬಿ ಹೇಗೂ ಇಲ್ಲೇ ಉಂಟಲ್ಲ” ಅನ್ನುವವರು ಎಲ್ಲ ಸೈಟಿನಲ್ಲೂ ಸಿಗುತ್ತಾರೆ.

ಗಾಳಿ, ಮಳೆ, ತಂತಿ

ಹೊರಗೆ ಬಳಸುವ ಹೆಚ್ಚಿನ ಯಂತ್ರಗಳ ಮಿತಿ ಸೆಕೆಂಡಿಗೆ 12.5 ಮೀಟರ್ ಗಾಳಿ, ಗಂಟೆಗೆ 45 ಕಿ.ಮೀ. ಅಳೆಯುವ ಮೀಟರ್ ಇಟ್ಟುಕೊಳ್ಳಿ, ದೊಡ್ಡ ಬೆಲೆಯದ್ದಲ್ಲ. ಅದಿಲ್ಲದಿದ್ದರೆ ಕೊಡೆ ನೋಡಿ: ಹಿಡಿಯುವುದೇ ಕಷ್ಟ, ದೊಡ್ಡ ಕೊಂಬೆಗಳು ಅಲ್ಲಾಡುತ್ತಿವೆ ಅಂದರೆ ಮಿತಿಗೆ ಬಂದಾಯಿತು. ಮೇಲೆ ಹೋದ ಹಾಗೆ ಗಾಳಿ ಜೋರು ಅನ್ನುವುದೂ ನೆನಪಿರಲಿ. ನಾನು ಬೂಮಿನ ಹೊರಕೆಲಸವನ್ನು ಬೆಳಿಗ್ಗೆಯೇ ಇಟ್ಟುಕೊಳ್ಳುತ್ತೇನೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುತ್ತದೆ, ಮಲ್ಪೆಯ ಹತ್ತಿರವಾದರೆ ಇನ್ನೂ ಬೇಗ. ಬಾಸ್ಕೆಟಿನ ಕಟಕಟೆಗೆ ಫ್ಲೆಕ್ಸ್ ಕಟ್ಟಿಕೊಂಡು ಏರುವುದು ಅಂದರೆ ದೋಣಿಗೆ ಹಾಯಿ ಕಟ್ಟಿದ ಹಾಗೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ನೂಕು ನಾಲ್ಕು ಪಟ್ಟು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತುಂಬಿಸಿದ ಮಣ್ಣಿನ ಮೇಲೆ ಬೂಮ್ ಬೇಡವೇ ಬೇಡ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮೀರಿ ಮಳೆ ಬೀಳುವ ಊರು ಇದು, ಬೇಸಿಗೆಯಲ್ಲಿ ಯಂತ್ರ ಹೊತ್ತ ಅಂಗಳ ಜುಲೈಯಲ್ಲಿ ಹೊರುತ್ತದೆ ಅಂತ ಇಲ್ಲ. ಏಪ್ರಿಲ್, ಮೇ ಮತ್ತು ಅಕ್ಟೋಬರಿನಲ್ಲಿ ಸಂಜೆ ಗುಡುಗು ಕೇಳಿದ ಕೂಡಲೇ ಬೂಮ್ ಕೆಳಗಿಳಿಯಬೇಕು. ಉಪ್ಪುಗಾಳಿ ಸ್ವಿಚ್ಚು, ಕನೆಕ್ಟರ್‌ಗಳನ್ನು ತಿನ್ನುತ್ತದೆ. ಮಳೆಗಾಲ ಮುಗಿದ ಮೇಲೆ ಬರುವ ಮೊದಲ ಯಂತ್ರದ ಎಮರ್ಜೆನ್ಸಿ ಸ್ಟಾಪ್ ಬಟನ್ನನ್ನು ನಾನು ಎರಡೆರಡು ಸಲ ಒತ್ತಿ ನೋಡುತ್ತೇನೆ.

ತಂತಿಯ ಬಗ್ಗೆ: ಬಾಡಿಗೆಗೆ ಸಿಗುವ ಲಿಫ್ಟುಗಳಿಗೆ ಕರೆಂಟಿನಿಂದ ರಕ್ಷಣೆ ಇಲ್ಲ. ಯಂತ್ರಗಳ ಮೇಲಿನ ಎಚ್ಚರಿಕೆಯ ಪ್ರಕಾರ 50 ಸಾವಿರ ವೋಲ್ಟಿನವರೆಗಿನ ಲೈನಿನಿಂದ ಕನಿಷ್ಠ ಮೂರು ಮೀಟರ್ ದೂರ. ನಮ್ಮ ರಸ್ತೆ ಬದಿಯ 11 ಕೆ.ವಿ. ಲೈನ್ ಇದರೊಳಗೆ ಬಂತು. ಬಾಸ್ಕೆಟ್ ಓಲಾಡುವುದು, ತಂತಿ ಗಾಳಿಗೆ ಬೀಸುವುದು, ಕೈಯಲ್ಲಿರುವ ಅಲ್ಯೂಮಿನಿಯಂ ಪಟ್ಟಿಯ ಉದ್ದ, ಎಲ್ಲ ಕಳೆದು ಉಳಿಯಬೇಕಾದ ಮೂರು ಮೀಟರ್ ಅದು. ಸಾಲದಿದ್ದರೆ ವಿದ್ಯುತ್ ಕಂಪನಿ ಮೆಸ್ಕಾಂಗೆ ಅರ್ಜಿ ಕೊಟ್ಟು ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಮಾಡಿದ ಅಧಿಕೃತ ಖಾತ್ರಿ, ತೆಗೆದುಕೊಳ್ಳಿ. ಪರಿಚಯದ ಲೈನ್‌ಮನ್‌ಗೆ ಫೋನ್ ಮಾಡಿ “ಸ್ವಲ್ಪ ಆಫ್ ಮಾಡಿ ಮಾರಾಯ್ರೆ” ಅನ್ನುವುದು ಲೈನ್ ಕ್ಲಿಯರ್ ಅಲ್ಲ. ಅಕಸ್ಮಾತ್ ತಾಗಿದರೆ ಕೆಳಗಿನವರು ಯಂತ್ರ ಮುಟ್ಟಬಾರದು, ದೂರ ಸರಿಯಬೇಕು. ಕರೆಂಟ್ ಹೋಗಿದೆ ಅಂತ ಖಾತ್ರಿ ಆಗುವವರೆಗೆ ಮೇಲಿನವರು ಇದ್ದಲ್ಲೇ ಇರಬೇಕು.

ಬಾಡಿಗೆ ಮಾತಾಡುವಾಗ

ಯಂತ್ರದ ಜೊತೆ ಆಪರೇಟರ್ ಬರುತ್ತಾನೆ. ಅವನು ತರಬೇತಿ ಪಡೆದದ್ದು ಇದೇ ಜಾತಿಯ ಯಂತ್ರಕ್ಕೋ ಅಂತ ಕೇಳಿ. ಸಿಸರ್ ಓಡಿಸುವವನಿಗೆ ಬೂಮ್ ಬರಬೇಕೆಂದಿಲ್ಲ. ಐಪ್ಯಾಫ್ (ಇಂಥ ಲಿಫ್ಟುಗಳ ತರಬೇತಿಯ ಅಂತರರಾಷ್ಟ್ರೀಯ ಸಂಸ್ಥೆ) ಕಾರ್ಡ್ ಇದ್ದರೆ ಅದರಲ್ಲಿ ಯಾವ ವರ್ಗ ಅಂತ ಬರೆದಿರುತ್ತದೆ. ಲಾರಿಯಿಂದ ಇಳಿಸುವ ಜಾಗ ಮೊದಲೇ ನೋಡಿಡಿ. ಬಿಜೈ, ಕದ್ರಿ ಕಡೆಯ ಇಳಿಜಾರು ರಸ್ತೆಯಲ್ಲಿ ರ‍್ಯಾಂಪ್ ಹಾಕಿ ಇಳಿಸುವುದು ಮೇಲಿನ ಕೆಲಸಕ್ಕಿಂತ ಅಪಾಯ. ಇಳಿದ ಮೇಲೆ ಮೊದಲ ಕೆಲಸ, ಖಾಲಿ ಬಾಸ್ಕೆಟನ್ನು ಕೆಳಗಿನ ಕಂಟ್ರೋಲಿನಿಂದ ಏರಿಸಿ, ಇಂಜಿನ್ ಆಫ್ ಮಾಡಿ, ತುರ್ತು ವ್ಯವಸ್ಥೆಯಿಂದ ಇಳಿಸುವುದು. ಆಪರೇಟರ್ ಮಾಡಿ ತೋರಿಸಿದರೆ ಸಾಲದು, ಕೆಳಗೆ ನಿಲ್ಲುವ ನಿಮ್ಮ ಹುಡುಗ ಒಂದು ಸಲ ತಾನೇ ಮಾಡಬೇಕು. ಹಾರ್ನೆಸ್ಸಿನಲ್ಲಿ ನೇತಾಡುವವನಿಗೆ ಸಮಯ ಇರುವುದು ನಿಮಿಷಗಳ ಲೆಕ್ಕದಲ್ಲಿ. ಅಗ್ನಿಶಾಮಕದವರು ಬರುವವರೆಗೆ ಕಾಯೋಣ ಅನ್ನುವುದು ಯೋಜನೆ ಅಲ್ಲ.

ಹೋದ ವರ್ಷ ಬಿಜೈಯ ಒಂದು ಮನೆ. ಮೂರು ಮಹಡಿ, ಹೊರಗೆ ಪೇಂಟ್. ಮನೆಯವರಿಗೆ 60 ಫೀಟಿನ ಬೂಮೇ ಬೇಕಿತ್ತು, ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ನೋಡಿದ್ದರಂತೆ. ಅಂಗಳದ ಒಂದು ಬದಿ ಧರೆಯ, ಅಂದರೆ ಕಡಿದ ಗುಡ್ಡೆಯ ಅಂಚು, ಇನ್ನೊಂದು ಬದಿ ಬಾವಿ, ನಡುವೆ ಉಳಿದದ್ದು ಎರಡು ಕಾರಿನ ಜಾಗ, ಹಾರೆಗೆ ಮೂರು ಕಡೆ ಟೊಳ್ಳು ಸದ್ದು. ಸ್ಕ್ಯಾಫೋಲ್ಡಿಂಗ್ ಕಟ್ಟಿ ಒಂಬತ್ತು ದಿನದಲ್ಲಿ ಮುಗಿಸಿದೆವು. ಈಗಲೂ ಎಲ್ಲಿ ಸಿಕ್ಕಿದರೂ ಅವರು ಹೇಳುತ್ತಾರೆ, “ಆ ಲಿಫ್ಟ್ ತಂದಿದ್ದರೆ ಮೂರೇ ದಿನದ ಕೆಲಸ.” ಮೂರೇ ದಿನದ್ದು, ಹೌದು. ಅವರ ಬಾವಿಯಲ್ಲಿ ಈ ಮೇ ತಿಂಗಳಲ್ಲೂ ನೀರು ಇತ್ತಂತೆ.